ಭಾವನ ನೀಲಿ ಫೈಲು

ನಮ್ಮ ಭಾವನಿಗೆ ಚಳಿಗಾಲ ಶುರುವಾಗುವುದು ದೀಪಾವಳಿಯ ಎಣ್ಣೆಸ್ನಾನ ಮುಗಿದ ಮಧ್ಯಾಹ್ನ. ಉಳಿದವರು ಸ್ವೆಟರ್ ಹುಡುಕುವಾಗ ಅವರು ಬೀರುವಿನ ಮೇಲಿಂದ ನೀಲಿ ಫೈಲು ಇಳಿಸಿ ದೂಳು ಕೊಡವುತ್ತಾರೆ. "ಈ ಡಿಸೆಂಬರಿಗೆ ಸ್ಕೂಬಾ ಡೈವಿಂಗ್ ಕಣೋ. ಯಾರೂ ತಪ್ಪಿಸ್ಕೊಳ್ಳೋ ಹಾಗಿಲ್ಲ." ಈ ಮಾತನ್ನು ನಾನು ಮೊದಲು ಕೇಳಿದ್ದು 2018ರಲ್ಲಿ. ನಾವೆಲ್ಲ ಆರು ಚಳಿಗಾಲ ತಪ್ಪಿಸಿಕೊಂಡೆವು.

ಹೋಗುವುದಕ್ಕಿಂತ ಹೊರಡಿಸುವುದರಲ್ಲೇ ಸುಖ ಕಾಣುವ ಇಂಥವರೊಬ್ಬರು ಪ್ರತಿ ಮನೆಯಲ್ಲೂ ಇರುತ್ತಾರೆ. ಇಡ್ಲಿಗೆ ಎಲ್ಲಿ ನಿಲ್ಲಿಸಬೇಕು, ಹಿಂದಿನ ಸೀಟಿನಲ್ಲಿ ಯಾರು ವಾಂತಿ ಮಾಡುತ್ತಾರೆ, ಎಲ್ಲ ಬರೆದಿಟ್ಟಿರುತ್ತಾರೆ. ಭಾವನ ಫೈಲಿನಲ್ಲಿ ಮೊದಲ ವರ್ಷ ಮಾಲ್ಡೀವ್ಸ್ ಇತ್ತು. ಮರುವರ್ಷ ಅಂಡಮಾನಿನ ಹ್ಯಾವ್‌ಲಾಕ್. ಹಾಗಂದರೆ "ಸ್ವರಾಜ್ ದ್ವೀಪ ಅನ್ನು, ಹೆಸರು ಬದಲಾಗಿದೆ" ಎಂದು ತಿದ್ದುತ್ತಿದ್ದರು. ಆಮೇಲೆ ಕೊರೊನಾ. ವಿಮಾನದ ದರ ಏರಿದಷ್ಟೂ ಸಮುದ್ರ ಹತ್ತಿರ ಸರಿಯುತ್ತಾ ಬಂದು, ಕೊನೆಗೆ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ಆಚೆಯ ನೇತ್ರಾಣಿ ದ್ವೀಪದಲ್ಲಿ ನಿಂತಿತು. ಹೇಗೂ ದೇವರ ದರ್ಶನವಾಗುತ್ತದೆಂದು ಅಮ್ಮನೂ ಒಪ್ಪಿದಳು.

ಒಪ್ಪಿದಳು ಎಂದರೆ, ವಾಟ್ಸಾಪ್ ಗ್ರೂಪಿನಲ್ಲಿ ಹೆಬ್ಬೆರಳು ಎತ್ತಿದಳು. ಎಡವಟ್ಟಾಗಿದ್ದು ಅಲ್ಲೇ. ಡೈವಿಂಗ್ ಭಾಷೆಯಲ್ಲಿ ಹೆಬ್ಬೆರಳು ಎತ್ತಿದರೆ 'ಸರಿ' ಎಂದಲ್ಲ, 'ಮೇಲೆ ಹೋಗೋಣ' ಎಂದರ್ಥ. ಸರಿ ಎನ್ನಲು ತೋರುಬೆರಳಿನ ತುದಿಗೆ ಹೆಬ್ಬೆರಳಿನ ತುದಿ ಕೂಡಿಸಿ ಸೊನ್ನೆ ಮಾಡಬೇಕು. ಈಗಿನಿಂದಲೇ ಅಭ್ಯಾಸವಾಗಲೆಂದು ಭಾವ ಗ್ರೂಪಿನಲ್ಲಿ ಹೆಬ್ಬೆರಳನ್ನೇ ನಿಷೇಧಿಸಿದ್ದರು. ಅಮ್ಮನಿಗೆ ತಕ್ಷಣ ಉತ್ತರ ಹೋಯಿತು: "ಅತ್ತೆ, ನೀವೀಗ ಮೇಲೆ ಹೋಗ್ತೀನಿ ಅಂದ ಹಾಗಾಯ್ತು." ಎಪ್ಪತ್ನಾಲ್ಕು ವರ್ಷದ ಅಮ್ಮ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿದಳು. "ನಾನು ಮೇಲೆ ಹೋಗಲಿ ಅಂತಾನೇ ಕಾಯ್ತಿದಾರೇನೋ ಅಳಿಯಂದ್ರು?" ಎಂದು ನನ್ನನ್ನು ಕೇಳಿದಳು. ಸಂಧಾನಕ್ಕೆ ಅಕ್ಕ ಒಂದು ಡಬ್ಬಿ ಕೋಡುಬಳೆ ಹಿಡಿದು ಬರಬೇಕಾಯಿತು.

ಇನ್ನು ಕಿವಿಯ ವಿಷಯ. ನೀರಿನಲ್ಲಿ ಹತ್ತು ಮೀಟರ್ ಇಳಿಯುವಷ್ಟರಲ್ಲಿ ಒತ್ತಡ ದುಪ್ಪಟ್ಟಾಗುತ್ತದೆ, ಕಿವಿ ಕಟ್ಟುತ್ತದೆ. ಮೂಗು ಹಿಡಿದು ಬಾಯಿ ಮುಚ್ಚಿ ಮೆಲ್ಲಗೆ ಊದಿದರೆ 'ಟಪ್' ಎಂದು ಬಿಡುತ್ತದೆ. ಇದಿಷ್ಟೇ ವಿದ್ಯೆ. ಇದನ್ನು ಭಾವ ನಮಗೆ ಕಲಿಸಿದ್ದು ಊಟದ ಪಂಕ್ತಿಯಲ್ಲಿ. ಹುಳಿಯನ್ನ ಮುಗಿದು ಮಜ್ಜಿಗೆ ಬರುವಷ್ಟರಲ್ಲಿ ಮನೆಮಂದಿಯೆಲ್ಲ ಎಡಗೈಯಲ್ಲಿ ಮೂಗು ಹಿಡಿದು ಕೂತಿದ್ದೆವು. ಬಾಗಿಲಿಗೆ ಬಂದ ಪಕ್ಕದ ಮನೆಯವರು ಪಾಯಿಖಾನೆ ಕಟ್ಟಿಕೊಂಡಿದೆಯೇನೋ ಎಂದುಕೊಂಡು ವಾಪಸು ಹೋದರು.

ಆ ಮಧ್ಯಾಹ್ನವೇ ಮುಖವಾಡದ ಗಾಜಿಗೆ ಮಂಜು ಕಟ್ಟದಿರಲು ಏನು ಮಾಡಬೇಕೆಂಬ ಪ್ರಾತ್ಯಕ್ಷಿಕೆಯೂ ಆಯಿತು. ಒಳಗೆ ಉಗುಳಿ, ಬೆರಳಲ್ಲಿ ಸವರಿ, ನೀರಲ್ಲಿ ಜಾಲಿಸಿ ಹಾಕಿಕೊಳ್ಳುವುದು. ನಿಜಕ್ಕೂ ಡೈವರ್‌ಗಳು ಮಾಡುವುದೇ ಅದು. ಭಾವ ಬಚ್ಚಲಿನ ಬಕೆಟ್ಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಎಲ್ಲವನ್ನೂ ಮಾಡಿ ತೋರಿಸಿದರು. ಮಡಿಯಲ್ಲಿದ್ದ ಅಮ್ಮ ಅಂದಿನಿಂದ ಆ ಬಕೆಟ್ ಮುಟ್ಟಿಲ್ಲ.

ನನಗೆ ನಿಜವಾಗಿ ಸಿಟ್ಟು ಬಂದಿದ್ದು ರೂಮಿನ ಲೆಕ್ಕಕ್ಕೆ. ಡೈವ್ ಮಾಡಿದವರು ಕೂಡಲೇ ವಿಮಾನ ಹತ್ತಬಾರದು, ಹದಿನೆಂಟು ಗಂಟೆಯಾದರೂ ಕಾಯಬೇಕು, ಮೈಯಲ್ಲಿ ಕರಗಿದ ಸಾರಜನಕ ಗುಳ್ಳೆಗಟ್ಟುತ್ತದೆ. ಸರಿ, ಆದರೆ ನಾವು ಹೋಗುತ್ತಿದ್ದುದು ಟಿಟಿಯಲ್ಲಿ! "ಘಾಟಿ ಹತ್ತೋದೂ ಒಂದೇ, ವಿಮಾನ ಹತ್ತೋದೂ ಒಂದೇ. ಬೆಂಗಳೂರು ಎಷ್ಟು ಎತ್ತರದಲ್ಲಿದೆ ಗೊತ್ತಾ? ಒಂಬೈನೂರು ಮೀಟರ್!" ಎಂದು ಮುರುಡೇಶ್ವರದ ರೆಸಾರ್ಟಿನಲ್ಲಿ ಇನ್ನೊಂದು ರಾತ್ರಿ ಸೇರಿಸಿದರು. ಆ ರಾತ್ರಿಯ ಬಾಡಿಗೆ ನನ್ನ ಪಾಲಿಗೆ ಬಂತು. ಅವರು ಹೇಳಿದ್ದು ಸರಿಯೆಂದು ಆಮೇಲೆ ತಿಳಿದಾಗ ಸಿಟ್ಟು ಇನ್ನಷ್ಟು ಹೆಚ್ಚಿತು.

ಅಂತೂ ಏಳನೇ ಚಳಿಗಾಲದಲ್ಲಿ ಹೊರಟೆವು. ಜೋಗದಿಂದ ಹೊನ್ನಾವರದ ಕಡೆಗೆ ಇಳಿಯುವಾಗ ಎಲ್ಲರ ಕಿವಿಯೂ ಕಟ್ಟಿತು. "ಊದಿ!" ಎಂದರು ಭಾವ. ಊದಿದೆವು. ಡ್ರೈವರೂ ಊದಿದ.

ಬೆಳಿಗ್ಗೆ ದೋಣಿ ಹೊರಟಾಗ 123 ಅಡಿಯ ಶಿವ ನೋಡನೋಡುತ್ತ ಕಿರುಬೆರಳಷ್ಟಾದ. ಭಾವ ಎಲ್ಲರ ಚಪ್ಪಲಿ ಎಣಿಸಿ ಚೀಲಕ್ಕೆ ಹಾಕಿದರು. ರಬ್ಬರ್ ಸೂಟು ಹಂಚುವ ಹುಡುಗ ಬಂದಾಗ "ನನಗೆ ಬೇಡಪ್ಪ" ಎಂದುಬಿಟ್ಟರು. ಅಕ್ಕ ಸಮುದ್ರದ ಕಡೆ ನೋಡುತ್ತಿದ್ದಳು. ನಮ್ಮ ಆರೋಗ್ಯದ ಫಾರಂಗಳನ್ನು ತೆಗೆಯಲು ನೀಲಿ ಫೈಲು ಬಿಚ್ಚಿದೆ. ಎಲ್ಲಕ್ಕಿಂತ ಅಡಿಯಲ್ಲಿ, ಮಾಲ್ಡೀವ್ಸ್ ಕಾಗದಗಳಿಗೂ ಕೆಳಗೆ, ಅಂಚು ಹಳದಿಯಾದ ಇನ್ನೊಂದು ಫಾರಂ. ಭಾವನ ಹೆಸರು, 2018ನೇ ಇಸವಿ. ಆಸ್ತಮಾ ಇದೆಯೇ ಎಂಬ ಸಾಲಿನಲ್ಲಿ 'ಹೌದು' ಎಂದು ಗುರುತು. ಕೆಳಗೆ ಡಾಕ್ಟರು ಒಂದೇ ಸಾಲಿನಲ್ಲಿ, ಡೈವಿಂಗ್ ಕೂಡದು ಎಂದು ಬರೆದಿದ್ದರು. ನಾನು ಅದನ್ನು ಇದ್ದಲ್ಲೇ ಇಟ್ಟೆ.

ನೀರಿಗೆ ಇಳಿದೆ. ಈಜು ಬಾರದವನ ಸಿಲಿಂಡರನ್ನು ತರಬೇತುದಾರ ಹಿಂದಿನಿಂದ ಹಿಡಿದಿರುತ್ತಾನೆ, ಬೆಕ್ಕು ಮರಿಯನ್ನು ಕಚ್ಚಿ ಹಿಡಿದ ಹಾಗೆ. ಒಂದು ಗಿಣಿಮೀನು ಮೂಗಿನ ಮುಂದೆಯೇ ಹಾದುಹೋಯಿತು, ಹಸಿರು, ನೀಲಿ, ತುಟಿಯಲ್ಲಿ ಗುಲಾಬಿ. ಆನಂದ ತಡೆಯಲಾರದೆ ಹೆಬ್ಬೆರಳು ಎತ್ತಿಬಿಟ್ಟೆ. ಆತ ಶಿಸ್ತಾಗಿ ನನ್ನನ್ನು ಮೇಲಕ್ಕೆ ತಂದ.

ದೋಣಿಯಲ್ಲಿ ಭಾವ ಟವೆಲು, ಪೆನ್ನು ಎರಡನ್ನೂ ಹಿಡಿದು ಕಾದಿದ್ದರು. ಯಾಕಿಷ್ಟು ಬೇಗ ಬಂದೆ ಎಂದು ಕೇಳಲಿಲ್ಲ. ಅವರಿಗೆ ಗೊತ್ತಾಗಿತ್ತು.

"ಕಿವಿ ಎಷ್ಟು ಮೀಟರಿಗೆ ಕಟ್ತು?"

"ಮೂರು ಇರಬೇಕು ಭಾವ."

ಬರೆದುಕೊಂಡರು. "ಗಿಣಿಮೀನು?"

"ಇತ್ತು."

"ಅದು ಹವಳ ಕಡಿಯೋ ಸದ್ದು ಕೇಳಿಸುತ್ತಂತೆ, ಕಟುಂ ಕಟುಂ ಅಂತ. ಕೇಳಿಸ್ತಾ?"

"ಇಲ್ಲ ಭಾವ. ಅಲ್ಲಿ ನನ್ನ ಉಸಿರು ಬಿಟ್ಟು ಬೇರೇನೂ ಕೇಳಿಸಲಿಲ್ಲ."

ಪೆನ್ನು ನಿಂತಿತು. "ಉಸಿರು ಹೇಗೆ ಕೇಳಿಸುತ್ತೆ? ಮಾಡಿ ತೋರಿಸು."

ಅಷ್ಟು ಜನರ ನಡುವೆ, ಮೂಗಿನಿಂದ ಉಪ್ಪುನೀರು ಇಳಿಯುತ್ತಿರುವಾಗ, ನಾನು ಬಾಯಿಂದ ಸೊಂಯ್ ಎಂದು ಎಳೆದುಕೊಂಡು ಗುಳುಗುಳು ಎಂದು ಬಿಟ್ಟೆ. ಯಾರೋ ನಕ್ಕರು.

"ಇನ್ನೊಂದು ಸಲ. ಅವಸರ ಮಾಡಬೇಡ," ಎಂದು ಭಾವ ಕಣ್ಣು ಮುಚ್ಚಿಕೊಂಡರು.