ಹ್ರಸ್ವಮಂಡಲ ಮೀಮಾಂಸೆ ಅಥವಾ ಕಾರಿನ ಶಾರ್ಟಿನ ಶಾಸ್ತ್ರೋಕ್ತ ನಿರ್ಣಯ

ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಒಮ್ಮೆ ಫ್ಯೂಸ್ ಹೋದವನಲ್ಲ. ಅವನಿಗೆ ಹೊಸ ಫ್ಯೂಸ್ ಸಾಕು. ಹಾಕಿದ ಹೊಸದೂ ಟಪ್ಪೆಂದು ಹೋಗಿ, ಅದರ ಬೆನ್ನಿಗೇ ಹಾಕಿದ್ದೂ ಹೋದಾಗ ಹುಟ್ಟುವ ವೈರಾಗ್ಯವುಳ್ಳವನೇ ಅಧಿಕಾರಿ.

ವಿಷಯವಾದರೋ ಸರಳ. ಕಾರಿನಲ್ಲಿ ಬ್ಯಾಟರಿಯ ಪ್ಲಸ್ಸಿನಿಂದ ಕರೆಂಟು ವೈರಿನಲ್ಲಿ ಹೊರಡುತ್ತದೆ, ಬಾಡಿಯ ತಗಡಿನಲ್ಲಿ ಮರಳುತ್ತದೆ. ಎಲ್ಲೋ ಒಂದು ಕಡೆ ವೈರಿನ ಸಿಪ್ಪೆ ಸುಲಿದು ತಾಮ್ರ ತಗಡಿಗೆ ತಗುಲಿತೋ, ಕರೆಂಟಿಗೆ ಬಲ್ಬಿನ ಸಹವಾಸವೇ ಬೇಡವಾಗುತ್ತದೆ. ತಡೆ ಇಳಿದಷ್ಟೂ ಪ್ರವಾಹ ಏರುತ್ತದೆಂದು ಓಮ್ 1827ರಲ್ಲೇ ಬರೆದಿಟ್ಟ. 12 ವೋಲ್ಟು ತಾನೇ ಎಂದು ಬ್ಯಾಟರಿಯನ್ನು ಸಾಧುವೆಂದುಕೊಂಡವರು, ಅದು ನೂರಾರು ಆಂಪಿಯರ್ ಕೊಡಬಲ್ಲದೆಂಬುದನ್ನು ಪ್ಲಸ್ಸಿನ ಮೇಲಿದ್ದ ಸ್ಪ್ಯಾನರ್ ಬಾಡಿಗೆ ತಾಗಿದ ಗಳಿಗೆಯಲ್ಲಿ ಕಲಿಯುತ್ತಾರೆ. ಆದ್ದರಿಂದ ಮೈನಸ್ಸನ್ನು ಮೊದಲು ಬಿಚ್ಚತಕ್ಕದ್ದು, ಕೊನೆಗೆ ಹಾಕತಕ್ಕದ್ದು. ಇದು ವಿಧಿವಾಕ್ಯ, ಅರ್ಥವಾದವಲ್ಲ.

ಇನ್ನು ಪೂರ್ವಪಕ್ಷ. ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವ ಚಾರ್ವಾಕರಿದ್ದಾರೆ. ಇವತ್ತು ಹಾರನ್ ಹೊಡೆದರೆ ಸಾಕು, ನಾಳಿನ ಬೂದಿಯ ಚಿಂತೆ ಯಾಕೆ ಎಂಬುದು ಅವರ ಮತ. ಇವರಿಗಿಂತ ಅಪಾಯಕಾರಿಗಳು ಸುಧಾರಣಾವಾದಿಗಳು. ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್ ಎಂದು ಬಣ್ಣ ಕಟ್ಟಿದ್ದರೂ ಕೆಂಪು ಹೋದಲ್ಲಿ ಹಸಿರು ಹಾಕಿ ಕೈ ಒರೆಸಿಕೊಳ್ಳುತ್ತಾರೆ. ಫ್ಯೂಸ್ ಉಳಿಯುತ್ತದೆ, ಅದರ ಕೆಲಸವನ್ನು ವೈರೇ ಮಾಡಿ ಮುಗಿಸುತ್ತದೆ.

ಪ್ರಮಾಣಗಳಲ್ಲಿ ಪ್ರತ್ಯಕ್ಷವೆಂದರೆ ಮುಖ್ಯವಾಗಿ ಮೂಗು. ಅನುಮಾನಕ್ಕೆ ನೈಯಾಯಿಕರು ಬೆಟ್ಟದ ಮೇಲಿನ ಹೊಗೆಯಿಂದ ಬೆಂಕಿಯನ್ನು ಸಾಧಿಸಿದರು. ಡ್ಯಾಶ್‌ಬೋರ್ಡಿನಿಂದ ಹೊಗೆ ಬಂದಾಗ ಐದು ಅವಯವಗಳ ವಾಕ್ಯ ಮುಗಿಸುವಷ್ಟು ವ್ಯವಧಾನವಿಲ್ಲ, ಕೀ ತಿರುಗಿಸಿ ಇಳಿಯುವುದೇ ನಿಗಮನ. ಉಪಮಾನವೆಂದರೆ "ನಮ್ಮ ಭಾವನ ಕಾರಿಗೂ ಹಿಂಗೇ ಆಗಿತ್ತು". ಮುಂದೆ ಹೋಗೋಣ.

ಶಬ್ದಪ್ರಮಾಣ ಎಲ್ಲಕ್ಕಿಂತ ದುಬಾರಿ. ಆಪ್ತನು ಬಾನೆಟ್ ಎತ್ತಿ, ತುಸು ಹೊತ್ತು ಮೌನ ತಾಳಿ, "ಇಲಿ ಕಡ್ದೈತೆ ಸಾರ್, ವೈರಿಂಗ್ ಕಿಟ್ ಪೂರಾ ಚೇಂಜ್ ಮಾಡ್ಬೇಕು" ಎನ್ನುತ್ತಾನೆ. ಇಲಿ ಕಡಿದದ್ದು ಒಂದು ಗೇಣು. ಅಂಶಕ್ಕೆ ಬಂದ ದೋಷ ಅಂಶಿಗೂ ಬರುತ್ತದೆಂಬ ಈ ಸಿದ್ಧಾಂತ ಬಿಲ್ಲಿನಲ್ಲಿ ಮಾತ್ರ ಸಿದ್ಧಿಸುತ್ತದೆ.

ಭಾಟ್ಟ ಮೀಮಾಂಸಕರು ಆರು ಪ್ರಮಾಣ ಒಪ್ಪಿದ್ದು ಕಾರಿನವರ ಭಾಗ್ಯ. ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಇದು ಅರ್ಥಾಪತ್ತಿ. ಸಂಜೆ ಗಟ್ಟಿಯಾಗಿದ್ದ ಬ್ಯಾಟರಿ ಬೆಳಿಗ್ಗೆ ಕಟಕಟ ಎಂದಷ್ಟೇ ನುಡಿದರೆ, ಕಾರಿನೊಳಗೊಬ್ಬ ದೇವದತ್ತನಿದ್ದಾನೆ. ಆರದ ಡಿಕ್ಕಿ ದೀಪವೂ ದೇವದತ್ತನೇ, ಆದರೆ ಮಿತಾಹಾರಿ: 5 ವ್ಯಾಟಿನದು ಎಳೆಯುವುದು ಸುಮಾರು 0.4 ಆಂಪಿಯರ್, 35 ಆಂಪಿಯರ್-ಅವರ್ ಬ್ಯಾಟರಿ ಅದಕ್ಕೆ ಲೆಕ್ಕದಂತೆ ಮೂರೂವರೆ ದಿನ ಬರಬೇಕು. ಸ್ಟಾರ್ಟರ್ ಮಾತ್ರ ಅದಕ್ಕೆ ಬಹಳ ಮುಂಚೆಯೇ ಕೈ ಎತ್ತುತ್ತದೆ. ಒಂದೇ ರಾತ್ರಿಯಲ್ಲಿ ಮುಗಿಸಿದವನು ಬಕಾಸುರನಿರಬೇಕು, ಇಲ್ಲವೇ ಬ್ಯಾಟರಿಗೇ ಮುಪ್ಪು. ಮೀಟರನ್ನು ಮೈನಸ್ ದಾರಿಯಲ್ಲಿ ಸಾಲಾಗಿ ಸೇರಿಸಿ, ಬಾಗಿಲು ಮುಚ್ಚಿ, ಕಾರಿನ ಕಂಪ್ಯೂಟರುಗಳು ಮಲಗುವ ತನಕ ಕಾಯಬೇಕು. ಆಮೇಲೂ 50 ಮಿಲಿಆಂಪಿಯರ್ ದಾಟಿದರೆ ಊಟ ನಡೆದಿದೆ. ಆಗ ಸ್ಟಾರ್ಟ್ ಮಾಡಲು ಹೋದವನು ಮೀಟರಿನ ಫ್ಯೂಸಿಗಾಗಿ ಇನ್ನೊಂದು ಗ್ರಂಥ ಓದಬೇಕಾದೀತು.

ಆರನೆಯದು ಅನುಪಲಬ್ಧಿ. ಮನೆಯಲ್ಲಿ ದಿನಕ್ಕೊಂದು ಫ್ಯೂಸ್ ತಿನ್ನುವ ಶಾರ್ಟ್, ಗ್ಯಾರೇಜಿನ ಮುಂದೆ ಎಷ್ಟು ಅಲ್ಲಾಡಿಸಿದರೂ ಕಾಣಿಸಿಕೊಳ್ಳದು. ಕಾಣದಿರುವುದರಿಂದ ಅದು ಇಲ್ಲವೆಂದು ಮೀಮಾಂಸಕರು. ಅದಕ್ಕೂ ಚೆಕಿಂಗ್ ಚಾರ್ಜು ಉಂಟೆಂದು ಗ್ಯಾರೇಜಿನವರು.

ಸಿದ್ಧಾಂತ ಉಪನಿಷತ್ತಿನದು: ನೇತಿ, ನೇತಿ. ಹೋದ ಫ್ಯೂಸಿನ ಜಾಗಕ್ಕೆ 21 ವ್ಯಾಟಿನ ಇಂಡಿಕೇಟರ್ ಬಲ್ಬೊಂದನ್ನು ವೈರು ಕಟ್ಟಿ ಸಿಕ್ಕಿಸು. ಶಾರ್ಟ್ ಎಷ್ಟೇ ಆರ್ಭಟಿಸಲಿ, ಬಲ್ಬು ಎರಡು ಆಂಪಿಯರಿನೊಳಗೇ ಅದನ್ನು ಹಿಡಿದಿಡುತ್ತದೆ. ಮೂರನೆಯ ಹೊಸ ಫ್ಯೂಸ್ ಉಳಿಯಿತು. ಬಲ್ಬು ಪೂರ್ತಿ ಬೆಳಗಿತೇ? ಕಳ್ಳ ಒಳಗಿದ್ದಾನೆ. ಆ ಫ್ಯೂಸಿನ ಮೇಲೆ ಬದುಕಿರುವುದನ್ನೆಲ್ಲ ಒಂದೊಂದಾಗಿ ಕಳಚು. ಸ್ಟೀರಿಯೋ? ಅಲ್ಲ. ನಂಬರ್ ಪ್ಲೇಟ್ ದೀಪ? ಅದೂ ಅಲ್ಲ. ಹಬ್ಬದಾಫರಿನಲ್ಲಿ ಹಾಕಿಸಿದ ಫಾಗ್ ಲ್ಯಾಂಪ್? ಇಲ್ಲಿ ಬಲ್ಬು ಆರುವ ಸಂಭವ ಹೆಚ್ಚೆಂಬುದು ನಮ್ಮ ಪಕ್ಷಪಾತ. ದೀಪ ಆರಿದಾಗ ಜ್ಞಾನ ಹುಟ್ಟುವುದು ಈ ದರ್ಶನವೊಂದರಲ್ಲೇ. ಎಲ್ಲ ಕಳಚಿದರೂ ಉರಿಯುತ್ತಿದ್ದರೆ ದೋಷ ವೈರಿನದೇ: ಬಾಗಿಲ ಸಂದಿಯ ರಬ್ಬರಿನೊಳಗೆ, ಡಿಕ್ಕಿಯ ಕೀಲಿನಲ್ಲಿ, ಸೀಟಿನ ಹಳಿಯ ಕೆಳಗೆ ಅಲ್ಲಾಡಿಸಿ ನೋಡು. ಹಳದಿ ಕನೆಕ್ಟರನ್ನು ಮಾತ್ರ ಮುಟ್ಟಬೇಡ. ಅದು ಏರ್‌ಬ್ಯಾಗಿನದು, ಒಮ್ಮೆ ಉಬ್ಬಿದರೆ ವಾದಕ್ಕೆ ಬಾಯಿ ಉಳಿಯದು.

ರಿಪೇರಿ ಎರಡು ಮಾತಿನದು. ಸುಟ್ಟಷ್ಟು ಕತ್ತರಿಸಿ, ಅದೇ ದಪ್ಪದ ವೈರನ್ನು ಬೆಸುಗೆ ಹಾಕಿ, ಸ್ಲೀವ್ ಏರಿಸಿ, ತಗಡಿನ ಅಂಚಿಗೆ ತಾಗದಂತೆ ಕಟ್ಟಬೇಕು. ಕಷ್ಟವಿರುವುದು ಬಿಚ್ಚಿದ ಡ್ಯಾಶ್‌ಬೋರ್ಡನ್ನು ಮತ್ತೆ ಕೂರಿಸುವುದರಲ್ಲಿ. ಎಲ್ಲ ಮುಗಿದ ಮೇಲೆ ಕೈಯಲ್ಲಿ ಎರಡು ಸ್ಕ್ರೂ ಉಳಿಯುತ್ತವೆ. ಮೀಮಾಂಸೆಯಲ್ಲಿ ಶೇಷವು ಶೇಷಿಗಾಗಿಯೇ ಇರತಕ್ಕದ್ದು. ಇಲ್ಲಿ ಶೇಷಿಗೆ ಶೇಷದ ನೆನಪೇ ಇದ್ದಂತಿಲ್ಲ. ಅವು ಕಂಪನಿಯವರೇ ಹೆಚ್ಚಿಗೆ ಹಾಕಿದ್ದವೆಂದು ಒಂದು ಪಂಥ, ಮೊದಲೇ ಅಲ್ಲಿ ಬಿದ್ದಿದ್ದವೆಂದು ಇನ್ನೊಂದು. ಗ್ಲೋವ್ ಬಾಕ್ಸಿನಲ್ಲಿ ಹಾಕಿಡುವುದು ಇಬ್ಬರಿಗೂ ಸಮ್ಮತ.