ಬೆಳಕಿನವರೇ, ಒಂದು ಚೀಟಿ ಬರೆದಿಡಿ

ಮಾನ್ಯ ಬೆಳಕಿನವರಿಗೆ,

ಮಂಗಳೂರಿನಿಂದ ನಮಸ್ಕಾರಗಳು. ಕಡಲು, ಬಂದರು, ವಿಮಾನ ನಿಲ್ದಾಣ ಇರುವ ಮಂಗಳೂರಲ್ಲ. ಎರೆಹೊಲ, ಗಾಳಿಯಂತ್ರ, ಹಿಂಗಾರಿ ಜೋಳ ಇರುವ ಮಂಗಳೂರು; ಹಿಂದೆ ಯಲಬುರ್ಗಾ ತಾಲ್ಲೂಕು, ಈಗ ಕುಕನೂರು ತಾಲ್ಲೂಕು, ಜಿಲ್ಲೆ ಕೊಪ್ಪಳ. ವಿಳಾಸ ತಪ್ಪಿ ಈ ಕಡೆ ಬಂದಿದ್ದರೂ ನಮ್ಮ ತಕರಾರಿಲ್ಲ.

ವಿಷಯ: ರಾತ್ರಿ ವೇಳೆ ಯಾವುದೇ ಮುನ್ಸೂಚನೆ ಇಲ್ಲದೆ ಊರ ಮೇಲೆ ಬೆಳಗಿದ ಬಗ್ಗೆ.

ನಿಮ್ಮನ್ನು ಕಂಡವರು ಕುಡಿದವರಲ್ಲ, ಕನಸು ಕಂಡವರೂ ಅಲ್ಲ. ಹೊಲಕ್ಕೆ ನೀರು ಹಾಯಿಸಲು ಎದ್ದು ಹೋದವರು. ತ್ರೀ ಫೇಸ್ ಕರೆಂಟು ರೈತನಿಗೆ ಜಗತ್ತು ಮಲಗಿದ ಮೇಲೇ ಬರುತ್ತದಲ್ಲ, ಅದರಿಂದಾಗಿ ಈ ದೇಶದ ಅತಿದೊಡ್ಡ ಖಗೋಳ ವೀಕ್ಷಣಾಲಯವನ್ನು ಸಂಬಳವಿಲ್ಲದೆ ನಡೆಸುತ್ತಿರುವವರು ನಮ್ಮವರೇ. ಕಾವಲೂರಿನ ದೂರದರ್ಶಕದವರು ಮೋಡ ಕವಿದರೆ ಹೋಗಿ ಮಲಗಬಹುದು. ಮೋಟರು ಚಾಲೂ ಮಾಡಿದವನಿಗೆ ಆ ಸವಲತ್ತಿಲ್ಲ.

ಬೆಳಿಗ್ಗೆ ಗುಡಿಕಟ್ಟೆಯ ಮೇಲೆ ಪಂಚನಾಮೆ ನಡೆಯಿತು. ಪಂಚರಲ್ಲಿ ಒಮ್ಮತ ಮೂಡಲಿಲ್ಲ. ನೀವು ತಾಸುಗಟ್ಟಲೆ ಅಲ್ಲಾಡದೆ ನಿಂತಿದ್ದಿರೆಂದು ಒಬ್ಬ. ಪಡುವಣದಿಂದ ಸರಸರ ಬಂದು ನಡುನೆತ್ತಿಯಲ್ಲಿ ಆರಿಹೋದಿರೆಂದು ಇನ್ನೊಬ್ಬ. ಸಾಲಾಗಿ ಹೋದಿರೆಂದು ಮತ್ತೊಬ್ಬ, ಒಡೆದು ಚೂರಾದಿರೆಂದು ಮಗದೊಬ್ಬ. ಎಲ್ಲರೂ ಕಂಡದ್ದು ಒಂದೇ ರಾತ್ರಿಯೋ ಬೇರೆಬೇರೆ ರಾತ್ರಿಯೋ ಎಂಬುದೂ ಇತ್ಯರ್ಥವಾಗಲಿಲ್ಲ. "ಕೊಳ್ಳಿದೆವ್ವ ಬಿಡ್ರಲೇ" ಎಂದು ಒಬ್ಬ ಅಜ್ಜ ಒಂದೇ ಮಾತಿನಲ್ಲಿ ಪ್ರಕರಣ ಮುಗಿಸಲು ನೋಡಿದರು. ಹುಡುಗರು ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ವಾಟ್ಸ್‌ಆ್ಯಪಿನಲ್ಲಿ ನಿಮ್ಮ ವಿಡಿಯೊ ಬಂತು. ಹಿನ್ನೆಲೆಯಲ್ಲಿ ಹಿಮ ಬೀಳುತ್ತಿತ್ತು. ನಮ್ಮೂರಲ್ಲಿ ಹಿಮ ಬಿದ್ದ ದಾಖಲೆಯಿಲ್ಲ, ಆದರೂ ಎಲ್ಲರೂ ಅದನ್ನು ಮುಂದಕ್ಕೆ ಕಳಿಸಿದರು.

ನೀವು ಅಲ್ಲಾಡದೆ ನಿಂತವರಾಗಿದ್ದರೆ ಬಹುಶಃ ಬೆಳ್ಳಿಚುಕ್ಕಿಯೇ, ಅಂದರೆ ಶುಕ್ರ. ಸೂರ್ಯಚಂದ್ರರನ್ನು ಬಿಟ್ಟರೆ ಬಾನಿನಲ್ಲಿ ನಿತ್ಯ ಕಾಣುವ ಗ್ರಹನಕ್ಷತ್ರಗಳಲ್ಲಿ ನಿಮ್ಮಷ್ಟು ಬೆಳಗುವವರಿಲ್ಲ. ಕಗ್ಗತ್ತಲಲ್ಲಿ ಒಂದೇ ಚುಕ್ಕಿಯನ್ನು ದಿಟ್ಟಿಸುತ್ತ ನಿಂತರೆ ಅದು ತಾನೇ ಸರಿದಾಡಿದಂತೆ ತೋರುವುದು ಕಣ್ಣಿನ ಹಳೇ ಚಾಳಿ. ಇದನ್ನು ಕೇಳಿ ನಮ್ಮ ರೈತರು ನಾಚಬೇಕಾದ ಕಾರಣವೇನೂ ಇಲ್ಲ. 2012ರ ಆಗಸ್ಟಿನಿಂದ 2013ರ ಫೆಬ್ರವರಿವರೆಗೆ ಲಡಾಖಿನ ಗಡಿಯಲ್ಲಿ ನಮ್ಮ ಸೈನಿಕರು ಸರೋವರದ ಮೇಲೆ ಹಾರಾಡುವ ಬೆಳಕುಗಳನ್ನು 329 ಸಲ ದಾಖಲಿಸಿದರು. ಚೀನಾದ ಗೂಢಚಾರಿ ಡ್ರೋನುಗಳೆಂದು ಗುಮಾನಿ. ಕೊನೆಗೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರನ್ನು ಕೇಳಿದಾಗ ಗೊತ್ತಾಯಿತು: ಒಂದು ಶುಕ್ರ, ಇನ್ನೊಂದು ಗುರು. ಗಡಿ ದಾಟಿ ಬಂದ ಆರೋಪ ಇಬ್ಬರು ಗ್ರಹದೇವತೆಗಳ ಮೇಲೆ ಆರು ತಿಂಗಳು ಇತ್ತು. ಎರಡು ದೇಶಗಳ ನಡುವೆ ಸಿಕ್ಕಿಕೊಂಡ ಗ್ರಹಗಳಿಗೆ ಶಾಂತಿ ಮಾಡಿಸಿದವರು ಪುರೋಹಿತರಲ್ಲ, ಖಗೋಳಜ್ಞರು ಎಂಬುದು ನನಗೆ ತುಂಬ ಹಿಡಿಸಿದ ಸಂಗತಿ.

ಸರಸರ ಬಂದು ಆರಿದವರು ನೀವಾಗಿದ್ದರೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವಿರಬಹುದು. ಸುಮಾರು 400 ಕಿಲೋಮೀಟರು ಮೇಲೆ, 90 ನಿಮಿಷಕ್ಕೊಂದು ಸುತ್ತು. ನಿಮ್ಮದು ಸ್ವಂತ ಬೆಳಕಲ್ಲ, ಬಿಸಿಲು. ಭೂಮಿಯ ನೆರಳಿಗೆ ಹೊಕ್ಕ ಕೂಡಲೇ ಮಾಯ. ಹಾಗಿದ್ದರೆ ನಿಮ್ಮನ್ನು ಪರಕೀಯರೆಂದು ಕರೆಯುವ ಹಕ್ಕೂ ನಮಗಿಲ್ಲ. 2025ರಲ್ಲಿ ಶುಭಾಂಶು ಶುಕ್ಲಾ ಅಲ್ಲಿಗೆ ಹೋಗಿ ಮೊಳಕೆ ಬರಿಸಿದ್ದು ಹೆಸರುಕಾಳು ಮತ್ತು ಮೆಂತ್ಯೆ. ಪ್ರಯೋಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರದು. ಮುಂಗಾರಿಗೆ ಹೆಸರು ಬಿತ್ತುವ ನಮ್ಮವರ ನೆತ್ತಿಯ ಮೇಲೆ ಹೆಸರೇ ಹಾದುಹೋಗಿದೆ, ಒಬ್ಬರೂ ಕೂಗಿ ಹೇಳಲಿಲ್ಲ. ಹೇಳಿದ್ದರೆ ಮೋಟರು ಬಂದ್ ಮಾಡಿ ನೋಡುತ್ತಿದ್ದರು. ಬೆಲೆಯನ್ನೂ ವಿಚಾರಿಸುತ್ತಿದ್ದರು.

ಸಾಲಾಗಿ ಹೋದವರ ಬಗ್ಗೆ ಹೆಚ್ಚು ಹೇಳಲಾರೆ. ನೀವು ಸ್ಟಾರ್‌ಲಿಂಕ್ ಉಪಗ್ರಹಗಳು, ಎಲಾನ್ ಮಸ್ಕ್ ಅವರ ಕಂಪನಿಯ ಬಾಬತ್ತು. 2019ರ ಮೇ ತಿಂಗಳಲ್ಲಿ ಮೊದಲ ಸಲ ಒಟ್ಟಿಗೆ 60 ಹಾರಿದಾಗ ಯುರೋಪಿನವರೂ ಬೆರಗಾಗಿ ನಿಂತರಂತೆ. ಜಗತ್ತಿಗೆಲ್ಲ ಇಂಟರ್ನೆಟ್ ಕೊಡಲು ಹೊರಟವರು ಸಾಲಾಗಿ ನಮ್ಮ ತಲೆಯ ಮೇಲೆ ಹೋಗುತ್ತಿರುವಾಗ, ಕೆಳಗೆ ನಾವು ಎರಡು ಕಡ್ಡಿ ಸಿಗ್ನಲ್ಲಿಗಾಗಿ ಮಾಳಗಿ ಏರಿ ಮೊಬೈಲು ಎತ್ತಿ ಹಿಡಿದಿರುತ್ತೇವೆ. ಮೇಲಿನಿಂದ ನೋಡಿದರೆ ಕೈಬೀಸಿದಂತೆ ಕಂಡೀತು. ತಪ್ಪು ತಿಳಿಯಬೇಡಿ.

ಚೂರಾದವರ ಮಾತು ಮಾತ್ರ ಸಣ್ಣದಲ್ಲ. 2022ರ ಏಪ್ರಿಲ್ 2, ಯುಗಾದಿಯ ಸಂಜೆ, ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಆಕಾಶದಲ್ಲಿ ಬೆಂಕಿಯ ಚೂರುಗಳು ನಿಧಾನಕ್ಕೆ ಸಾಗಿದವು. ನಿಧಾನವೇ ಗುರುತು. ಉಲ್ಕೆಯಾದರೆ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ, ಮರಳಿ ಬೀಳುವ ರಾಕೆಟ್ಟಿನ ತುಂಡುಗಳು ಸಾವಕಾಶವಾಗಿ, ಮೆರವಣಿಗೆ ಹೊರಟಂತೆ ಹೋಗುತ್ತವೆ. ಅಂದು ಸಿಂದೇವಾಹಿ ತಾಲ್ಲೂಕಿನ ಲಾಡಬೋರಿಯಲ್ಲಿ ಲೋಹದ ದೊಡ್ಡ ಬಳೆಯೊಂದು ಬಿತ್ತು. ಚೀನಾದ ಚಾಂಗ್ ಜೆಂಗ್ 3ಬಿ ರಾಕೆಟ್ಟಿನ ಅವಶೇಷವೆಂದು ತಿಳಿದವರು ಹೇಳಿದರು. ಹಬ್ಬದ ದಿನ ಬೇವು ಬೆಲ್ಲದ ಜೊತೆಗೆ ಬಳೆ.

ಚೀನಾದವರನ್ನಷ್ಟೇ ಬೈಯುವಂತಿಲ್ಲ. 1979ರ ಜುಲೈ 11ರಂದು 77 ಟನ್ನಿನ ಅಮೆರಿಕದ ಸ್ಕೈಲ್ಯಾಬ್ ಬಿದ್ದಾಗ, ಹೇಗೂ ಸಾಯುವುದೇ ಎಂದು ಕೋಳಿ ಕೊಯ್ದು ಉಂಡವರ ಕಥೆಗಳು ನಮ್ಮ ಸೀಮೆಯಲ್ಲಿ ಇನ್ನೂ ಉಳಿದಿವೆ. ಅದು ಹೋಗಿ ಬಿದ್ದದ್ದು ಪಶ್ಚಿಮ ಆಸ್ಟ್ರೇಲಿಯದಲ್ಲಿ. ಅಲ್ಲಿಯ ಎಸ್ಪೆರೆನ್ಸ್ ಎಂಬ ಊರಿನ ಸ್ಥಳೀಯ ಆಡಳಿತ, ಕಸ ಚೆಲ್ಲಿದ್ದಕ್ಕೆ ನಾಸಾಕ್ಕೆ 400 ಡಾಲರ್ ದಂಡ ಹಾಕಿತು. ನಮ್ಮ ಪಂಚಾಯಿತಿಗಳಿಗೆ ಇಂಥ ಧೈರ್ಯ ಎಂದು ಬಂದೀತು! ಅದೇ ಪಶ್ಚಿಮ ಆಸ್ಟ್ರೇಲಿಯದ ದಂಡೆಗೆ 2023ರ ಜುಲೈಯಲ್ಲಿ ತೇಲಿಬಂದ ದೊಡ್ಡ ಕೊಳವಿ ನಮ್ಮದೇ ಪಿಎಸ್‌ಎಲ್‌ವಿಯ ಭಾಗವಾಗಿತ್ತು. ಅಮೆರಿಕದ ಕಸವೂ ಅಲ್ಲಿಗೇ, ನಮ್ಮ ಕಸವೂ ಅಲ್ಲಿಗೇ.

ನೋಡಿ, ನನ್ನ ಸಿಟ್ಟು ನಿಮ್ಮ ಬೆಳಕಿನ ಮೇಲಲ್ಲ. ನಿಮ್ಮಲ್ಲಿ ಹೆಚ್ಚಿನವರಿಗೆ ಒಬ್ಬ ಮಾಲೀಕನಿದ್ದಾನೆ. ಅವನ ಮೇಜಿನ ಮೇಲೆ ನೀವು ಎಷ್ಟು ಹೊತ್ತಿಗೆ ಎಲ್ಲಿ ಹಾಯುತ್ತೀರಿ ಎಂಬ ಲೆಕ್ಕವಿದೆ. ನಿಗೂಢವೆಂಬುದು ಬರಿ ನಮ್ಮ ಪಾಲಿಗೆ, ಯಾಕೆಂದರೆ ತಿಳಿಸಬೇಕಾದವರ ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ. ಕೊಪ್ಪಳದ ಗವಿಮಠದ ಬಂಡೆಯ ಮೇಲೆ, ಪಾಲ್ಕಿಗುಂಡಿನ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಪಾಟಲಿಪುತ್ರದಲ್ಲಿ ಕೂತ ದೊರೆ ಎರಡು ಸಾವಿರ ವರ್ಷಕ್ಕೂ ಹಿಂದೆ, ತನ್ನ ಮನಸ್ಸಿನಲ್ಲಿ ಏನಿದೆ ಎಂದು ನಮ್ಮ ಸೀಮೆಯವರಿಗೆ ತಿಳಿಸುವುದು ಅಗತ್ಯ ಅಂದುಕೊಂಡ. ಪ್ರಾಕೃತದಲ್ಲಿ ಬರೆಸಿದ, ಇರಲಿ. ಬರೆಸಿದನಲ್ಲ.

ಈಗಿನವರಲ್ಲಿ ಆ ಸೌಜನ್ಯ ಉಳಿಸಿಕೊಂಡವರನ್ನು ನಾನು ಒಬ್ಬರನ್ನೇ ಬಲ್ಲೆ: ಹೈದರಾಬಾದಿನಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರದವರು. ತೆಳು ಪಾಲಿಥೀನಿನ ದೈತ್ಯ ಬಲೂನಿಗೆ ಜಲಜನಕ ತುಂಬಿ, ಉಪಕರಣ ಕಟ್ಟಿ, ರಾತ್ರಿ ಹೊತ್ತು ಬಿಡುತ್ತಾರೆ. ಅದು 30-40 ಕಿಲೋಮೀಟರು ಮೇಲೇರಿ, ಗಾಳಿ ಕರೆದೊಯ್ದ ಕಡೆ ತೇಲುತ್ತದೆ. ಕೆಳಗೆ ಇನ್ನೂ ಕತ್ತಲಿರುವಾಗಲೇ ಅಷ್ಟು ಎತ್ತರದಲ್ಲಿ ಬಿಸಿಲು ಬಿದ್ದು ಬೆಳ್ಳಿಯ ಹಾಗೆ ಹೊಳೆಯುತ್ತದೆ. ಕೆಲಸ ಮುಗಿದ ಮೇಲೆ ಉಪಕರಣ ಪ್ಯಾರಾಚೂಟಿನಲ್ಲಿ ಇಳಿಯುತ್ತದೆ. ಅದರ ಜೊತೆಗೆ ಸ್ಥಳೀಯ ಭಾಷೆಯಲ್ಲಿ ಒಂದು ಸೂಚನೆ: ಇದು ಇಂಥದ್ದು, ಬಿಚ್ಚಬೇಡಿ, ಇವರಿಗೆ ತಿಳಿಸಿ.

2025ರ ಜನವರಿ 18ರಂದು ಅಂಥ ಒಂದು ಬಲೂನು ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಮನೆಯೊಂದರ ಮೇಲೆ ಬಿತ್ತು. ಊರಿಗೆ ಊರೇ ಗಾಬರಿ. ಆಮೇಲೆ ಪತ್ರ ಓದಿದರು, ಗಾಬರಿ ಇಳಿಯಿತು. ಜಲಸಂಗಿ ಯಾವ ಊರು ಬಲ್ಲಿರಾ? ಅಲ್ಲಿಯ ಚಾಲುಕ್ಯ ಗುಡಿಯ ಗೋಡೆಯ ಮೇಲೆ ಒಬ್ಬ ಶಿಲಾಬಾಲಿಕೆ ಆರನೆಯ ವಿಕ್ರಮಾದಿತ್ಯನ ಹೊಗಳಿಕೆಯನ್ನು ಬರೆಯುತ್ತ ನಿಂತಿದ್ದಾಳೆ. ಆ ದೊರೆಯ ದಂಡನಾಯಕ ಮಹಾದೇವನೇ 1112ರಲ್ಲಿ ನಮ್ಮ ಪಕ್ಕದ ಇಟಗಿಯ ದೇವಾಲಯ ಕಟ್ಟಿಸಿದವನು. ಬರೆಯುವವಳ ಊರಿನಲ್ಲೇ ಆಕಾಶದಿಂದ ಪತ್ರ ಬೀಳಬೇಕೆ! ಇದಕ್ಕಿಂತ ಎರಡು ವರ್ಷ ಹಿಂದೆ, ಗಡಿಯಾಚೆ ತೆಲಂಗಾಣದ ವಿಕಾರಾಬಾದ್ ಜಿಲ್ಲೆಯಲ್ಲಿ ಬಿಳಿಯ ಗೋಳವೊಂದು ಹೊಲಕ್ಕಿಳಿದು, ಹಾರುವ ತಟ್ಟೆಯೇ ಬಂತೆಂದು ಜನ ಜಾತ್ರೆಯ ಹಾಗೆ ಸೇರಿದ್ದರು. ಅದು ಪ್ರವಾಸಿಗರನ್ನು ಮೇಲಕ್ಕೊಯ್ಯಲು ಸ್ಪೇನಿನ ಕಂಪನಿಯೊಂದು ಇದೇ ಹೈದರಾಬಾದಿನಿಂದ ಹಾರಿಸಿ ಪರೀಕ್ಷಿಸಿದ ಪೆಟ್ಟಿಗೆ.

ಆದ್ದರಿಂದ ಬೆಳಕಿನವರೇ, ನಮ್ಮ ಬೇಡಿಕೆ ಇಷ್ಟೇ. ಯಾರೇ ಆಗಿರಿ, ಒಂದು ಚೀಟಿ. ಕನ್ನಡದಲ್ಲಿ. ಕಾಗುಣಿತ ತಪ್ಪಿದರೂ ಓದಿಕೊಳ್ಳುತ್ತೇವೆ, ಸರ್ಕಾರಿ ಸುತ್ತೋಲೆ ಓದಿ ನಮಗೆ ರೂಢಿಯಿದೆ.

ಚೀಟಿಯಿಲ್ಲದೆ ಹೊಲದ ಮೇಲೆ ಬಿದ್ದರೆ ಆಗುವ ಫಜೀತಿ ಕೇಳಿ. ಕೇಂದ್ರದ ವಿಪತ್ತು ಪರಿಹಾರದ ಪಟ್ಟಿಯಲ್ಲಿ ಬರವಿದೆ, ನೆರೆಯಿದೆ, ಆಲಿಕಲ್ಲಿದೆ, ಕೀಟಬಾಧೆಯೂ ಇದೆ, ರಾಕೆಟ್ಟಿಲ್ಲ. ಹಾರಿಸಿದ ದೇಶವೇ ನಷ್ಟ ತುಂಬಬೇಕೆಂದು 1972ರ ಅಂತರರಾಷ್ಟ್ರೀಯ ಒಪ್ಪಂದ ಹೇಳುತ್ತದೆ, ನಿಜ. 1978ರಲ್ಲಿ ಸೋವಿಯತ್ ಒಕ್ಕೂಟದ ಕಾಸ್ಮಾಸ್ 954 ಅಣು ರಿಯಾಕ್ಟರಿನ ಸಮೇತ ಕೆನಡಾದ ಮೇಲೆ ಬಿದ್ದಾಗ 30 ಲಕ್ಷ ಕೆನಡಾ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡರು, ಮೂರು ವರ್ಷ ಬಿಟ್ಟು. ಆದರೆ ಅಲ್ಲಿ ಕೇಳಿದ್ದು ದೇಶ. ಇಲ್ಲಿ ಜೋಳ ಕಳೆದುಕೊಂಡವನು ಗ್ರಾಮ ಆಡಳಿತಾಧಿಕಾರಿಯಿಂದ ತಹಶೀಲ್ದಾರರಿಗೆ, ಅಲ್ಲಿಂದ ಜಿಲ್ಲಾಧಿಕಾರಿಗೆ, ಬೆಂಗಳೂರಿಗೆ, ದೆಹಲಿಗೆ, ಕೊನೆಗೆ ಬೀಜಿಂಗಿಗೆ ಕಡತ ದಾಟಿಸಬೇಕು. ಜೊತೆಗೆ ಪಹಣಿ ಲಗತ್ತಿಸಬೇಕು.

ಇಷ್ಟೆಲ್ಲ ಓದಿದ ಮೇಲೂ ನೀವು ಶುಕ್ರರಲ್ಲ, ನಿಲ್ದಾಣವಲ್ಲ, ಉಪಗ್ರಹವಲ್ಲ, ಬಲೂನಲ್ಲ, ಯಾರ ರಾಕೆಟ್ಟೂ ಅಲ್ಲ, ನಿಜಕ್ಕೂ ಪರಲೋಕದವರೇ ಎನ್ನುವುದಾದರೆ ಮೇಲಿನ ಒಪ್ಪಂದಕ್ಕೆ ನೀವು ಸಹಿ ಹಾಕಿಲ್ಲ, ನಿಮ್ಮಿಂದ ಪರಿಹಾರ ವಸೂಲಿ ಮಾಡುವ ದಾರಿಯಿಲ್ಲ. ಹಾಗಾಗಿ ಸ್ವಲ್ಪ ನೋಡಿ ಇಳಿಯಿರಿ. ಕಡಲೆ ಕಿತ್ತ ಹೊಲವಾದರೆ ಯಾರೂ ಏನೂ ಅನ್ನುವುದಿಲ್ಲ. ಜೋಳ ತೆನೆಗಟ್ಟಿ ನಿಂತ ಹೊಲಕ್ಕೆ ಮಾತ್ರ ಬೇಡ.

ಇತಿ,
ನಿದ್ದೆಗೆಟ್ಟ ಒಬ್ಬ ಮಂಗಳೂರಿನವ
ತಾ. ಕುಕನೂರು, ಜಿ. ಕೊಪ್ಪಳ