ಮೂರು ಬೆರಳಿನ ಮಡಿ

ಕಲ್ಯಾಣಮಂಟಪದ ಊಟದ ಮನೆಯ ಮೂಲೆಯಲ್ಲಿ ಸಾಲಾಗಿರುವ ನಲ್ಲಿಗಳ ಬಳಿ ಅರ್ಧ ಗಂಟೆ ಸುಮ್ಮನೆ ನಿಂತು ನೋಡುವಷ್ಟು ವ್ಯವಧಾನವುಳ್ಳವರಿಗೆ, ಯಾವ ಧರ್ಮಶಾಸ್ತ್ರದಲ್ಲಿಯೂ ದೊರೆಯದ ಒಂದು ಶೌಚತತ್ತ್ವವು ತಾನಾಗಿ ಗೋಚರವಾಗುವುದು. ಉಂಡೆದ್ದವರು ಮೊಣಕೈಯಿಂದ ಪಕ್ಕದವರನ್ನು ಸರಿಸಿಯಾದರೂ ನಲ್ಲಿಯನ್ನು ವಶಪಡಿಸಿಕೊಂಡು, ಮಣಿಕಟ್ಟಿನವರೆಗೆ ತಿಕ್ಕಿ, ಗಂಟಲಾಳದಿಂದ ಬಾಯಿ ಮುಕ್ಕಳಿಸಿ, ನೆರೆಯವರ ಪಂಚೆಯಂಚಿಗೂ ಒಂದಿಷ್ಟು ಪ್ರೋಕ್ಷಣೆಮಾಡಿ, ಸಾರಿನ ವಾಸನೆ ಉಳಿದಿದೆಯೋ ಎಂದು ಬೆರಳು ಮೂಸಿನೋಡಿಯೇ ಹೊರಡುವರು. ಉಣ್ಣಲು ಬಂದವರಾದರೋ, ಮೂರು ಬೆರಳುಗಳ ತುದಿಯನ್ನು ನೀರಿಗೆ ತೋರಿಸಿ, ಅದೂ ಒದ್ದೆಯಾಯಿತೋ ಇಲ್ಲವೋ ಎಂಬುದನ್ನು ವಿಚಾರಿಸದೆ ಎಲೆಯ ಕಡೆಗೆ ಧಾವಿಸುವರು. ಬಸ್ಸಿನ ಕಂಬಿಯನ್ನೂ, ನೂರು ಕೈ ದಾಟಿಬಂದ ನೋಟನ್ನೂ, ಚಪ್ಪಲಿಯ ಪಟ್ಟಿಯನ್ನೂ ಮುಟ್ಟಿದ ಕೈ ಬಾಯಿಗೆ ಹೋಗಲು ಅರ್ಹ. ಒಬ್ಬಟ್ಟಿನ ತುಪ್ಪವನ್ನು ಮುಟ್ಟಿದ್ದು ಮಾತ್ರ ಪರಮ ಅಶುದ್ಧ!

ಮಡಿ, ಮೈಲಿಗೆ, ಮುಸುರೆ, ಎಂಜಲು ಎಂದು ಇಷ್ಟೊಂದು ಸೂಕ್ಷ್ಮವಾಗಿ ವಿಂಗಡಿಸಿದ ನಮ್ಮ ಜನಕ್ಕೆ ಕೊಳೆಯೆಂಬುದೊಂದು ಮಾತ್ರ ಈ ಪಟ್ಟಿಯಿಂದ ಹೇಗೆ ಜಾರಿತೆಂದು ನನಗೆ ಎಂದಿನಿಂದಲೂ ಆಶ್ಚರ್ಯ. ನಮ್ಮಜ್ಜಿ ಅನ್ನದ ತಪ್ಪಲೆ ಮುಟ್ಟಿದ ಕೈಗೆ ನೀರು ಸೋಕಿಸದೆ ಮಜ್ಜಿಗೆಯ ಪಾತ್ರೆಯನ್ನು ಮುಟ್ಟಿದವಳಲ್ಲ. ಗೋಮಯ ಬಳಿದ ಕೈಯೂ ಅದೇ ಒಂದು ಗುಟುಕು ನೀರಿನಿಂದ ಪಾವನವಾಗುತ್ತಿತ್ತು. ಮೈಲಿಗೆಯೇನಿದ್ದರೂ ಅನ್ಯರ ಕೈಯಲ್ಲಿ ವಾಸಿಸತಕ್ಕದ್ದು, ಸ್ವಂತ ಕೈಯಲ್ಲಲ್ಲ ಎಂಬುದು ಅವಳ ಸಿದ್ಧಾಂತ.

ಈ ಸಿದ್ಧಾಂತ ನಮ್ಮದೊಂದೇ ಆಸ್ತಿಯೆಂದು ಯಾರೂ ನಾಚಬೇಕಾಗಿಲ್ಲ. 1847ರಲ್ಲಿ ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು, ಸೂಲಗಿತ್ತಿಯರ ವಾರ್ಡಿಗಿಂತ ವೈದ್ಯರ ವಾರ್ಡಿನಲ್ಲಿಯೇ ಬಾಣಂತಿಯರು ಹೆಚ್ಚಾಗಿ ಸಾಯುತ್ತಿರುವುದನ್ನು ಕಂಡು, ಶವಗಳನ್ನು ಕೊಯ್ದು ನೇರವಾಗಿ ಹೆರಿಗೆಗೆ ಬರುತ್ತಿದ್ದ ಪಂಡಿತರಿಗೆ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯಲು ವಿಧಿಸಿದನು. ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಕೆಲವೇ ತಿಂಗಳಲ್ಲಿ 2ರ ಆಸುಪಾಸಿಗೆ ಇಳಿಯಿತು. ಆದರೂ ಅನೇಕ ಪಂಡಿತರು ಕೆರಳಿದರು. ವೈದ್ಯನ ಕೈ, ಅದೂ ತಮ್ಮ ಕೈ, ಕೊಳೆಯಾಗಿರುವುದೆಂದರೇನು! ಅವರಿಗೂ ನಮ್ಮಜ್ಜಿಗೂ ಪರಿಚಯವಿರಲಿಲ್ಲವೆಂಬುದು ಕಾಲದೇಶಗಳ ದೋಷ.

ಇದನ್ನೆಲ್ಲ ಓದಿ ಕೆಟ್ಟ ನಾನು ಈಚೆಗೆ ಮದುವೆಯೊಂದಕ್ಕೆ ಕಾಗದದಲ್ಲಿ ಸುತ್ತಿದ ಸಾಬೂನಿನ ಬಿಲ್ಲೆಯೊಡನೆ ಹೋದೆನು. ಶ್ರೀಗಂಧದ ಸಾಬೂನಿಗೆ ಹೆಸರಾದ ನಾಡಿನವರು ನಾವು, ನಿಜ. ಆದರೆ ಆ ಸಾಬೂನನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಡುವೆವಲ್ಲದೆ, ಮಂಟಪದ ನಲ್ಲಿಯ ಬಳಿ ಇಡುವ ಸಂಪ್ರದಾಯವಿಲ್ಲ. ಅಲ್ಲಿರುವುದು ಹಿಂದಿನ ಲಗ್ನದವರು ಬಿಟ್ಟುಹೋದ, ಹಪ್ಪಳದಷ್ಟು ತೆಳುವಾದ ಒಂದು ಚೂರು. ಎಲೆಯ ಮುಂದಿನ ಕುರ್ಚಿಯ ಮೇಲೆ ಕರವಸ್ತ್ರವನ್ನು ಹಾಸಿ ಸ್ಥಳವನ್ನು ಕಾದಿರಿಸಿ, ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುವ 40ರಿಂದ 60 ಸೆಕೆಂಡುಗಳ ವಿಧಿಯನ್ನು ಲೋಪವಿಲ್ಲದಂತೆ ನೆರವೇರಿಸಲು ನಿಂತೆನು. ಅಂಗೈ, ಮುಂಗೈ, ಬೆರಳ ಸಂದು ಮುಗಿದು ಉಗುರಿನ ತುದಿಗೆ ಬರುವಷ್ಟರಲ್ಲಿ ಹಿಂದೆ ನಿಂತಿದ್ದ ಹಿರಿಯರೊಬ್ಬರು, “ಸ್ವಾಮೀ, ತಲೆಗೂ ಒಂದಿಷ್ಟು ಹಾಕಿಕೊಂಡುಬಿಡಿ, ಅಭ್ಯಂಜನವೂ ಇಲ್ಲೇ ಮುಗಿದುಹೋಗಲಿ” ಎಂದರು.

ನಕ್ಕು ಹಿಂದಿರುಗುವಷ್ಟರಲ್ಲಿ ನನ್ನ ಎಲೆಯ ಮುಂದೆ ಅಪರಿಚಿತರೊಬ್ಬರು ಕೋಸಂಬರಿಯನ್ನು ಮುಗಿಸಿದ್ದರು. ಕರವಸ್ತ್ರವು ಕಿಟಕಿಯ ಮೇಲಿತ್ತು. ಎರಡನೆಯ ಪಂಕ್ತಿಯೂ ತಪ್ಪೀತೆಂಬ ಭಯದಿಂದ ಅವರ ಕುರ್ಚಿಯ ಬೆನ್ನನ್ನೇ ಭದ್ರವಾಗಿ ಹಿಡಿದು, ಹಾದುಹೋದ ಬೀಗರೆಲ್ಲರ ಕೈಕುಲುಕಿ, ಯಾರದೋ ಮೂಗು ಸೋರುವ ಮಗುವನ್ನು ಒಂದು ಗಳಿಗೆ ಎತ್ತಿಕೊಂಡು, ಅದರ ಮೂಗನ್ನೂ ಒರಸಿ, ಮುಕ್ಕಾಲು ಗಂಟೆ ನಿಂತೆನು. ಕೊನೆಗೆ ಕುರ್ಚಿ ತೆರವಾಗಿ, ಹೊಸ ಎಲೆ ಬಿದ್ದು, ದೂರದಲ್ಲಿ ಪಾಯಸದ ಕೊಳಗವೂ ಕಾಣಿಸಿತು. ನಲ್ಲಿಯ ಕಡೆಗೊಮ್ಮೆ ನೋಡಿದೆನು. ನನ್ನ ಕುರ್ಚಿಯ ಹಿಂದೆ ಆಗಲೇ ಒಬ್ಬರು ಬಂದು ನಿಂತು ಅದರ ಬೆನ್ನನ್ನು ಹಿಡಿದಿದ್ದರು. ಎಲೆಗೆ ಚಿಮುಕಿಸಲೆಂದು ಇಟ್ಟಿದ್ದ ಲೋಟದ ನೀರಿಗೆ ಮೂರು ಬೆರಳುಗಳನ್ನು ಅದ್ದಿ, ಪಂಚೆಗೆ ಒರೆಸಿಕೊಂಡು, ಕೋಸಂಬರಿಗೆ ಕೈಹಾಕಿದೆನು.